ನಗದು ಅಲ್ಲಿ, ಉದ್ರಿ ಇಲ್ಲಿ

ಪಂಚಮಿಗೆ ಇನ್ನು ಎಂಟು ದಿನ ಇದ್ದಾಗ ನಮ್ಮ ಸೋದರತ್ತೆಗೆ ಕಣ್ಣು ತೋರಿಸಲೆಂದು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದೆ. ಅತ್ತೆಯದು ಮುಂಡರಗಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ, ಕಪ್ಪತಗುಡ್ಡದ ಸೆರಗಿನಲ್ಲಿದೆ. ಆಸ್ಪತ್ರೆಯ ಕೆಲಸ ಮಧ್ಯಾಹ್ನದೊಳಗೇ ಮುಗಿಯಿತು. ‘ಹೆಂಗೂ ಬಂದೀವಿ, ಪಂಚಮಿ ಸಂತಿ ಇಲ್ಲೇ ಮಾಡಿಕೊಂಡು ಹೋಗೋಣಲ್ಲ’ ಎಂದೆ. ದೇಶದ ತುಂಬ ನೂರಾರು ಅಂಗಡಿಗಳನ್ನು ಇಟ್ಟಿರುವ ಕಂಪನಿಯೊಂದರ ದೊಡ್ಡ ಮಳಿಗೆಗೆ ಇಬ್ಬರೂ ಹೊಕ್ಕೆವು.

ಅತ್ತೆ ಬಾಗಿಲಲ್ಲೇ ನಿಂತು, ‘ಇದು ಅಂಗಡೀನೋ ಜಾತ್ರೀನೋ?’ ಎಂದಳು. ಒಳಗೆ ಹೋದ ಮೇಲೆ ಅವಳ ಕಷ್ಟ ಬೇರೆಯೇ ಇತ್ತು. ಬೆಲ್ಲವನ್ನು ಚಿವುಟಿ ಬಾಯಿಗೆ ಹಾಕಿಕೊಳ್ಳದೆ ಅವಳು ಎಂದೂ ಕೊಂಡವಳಲ್ಲ. ಇಲ್ಲಿ ಬೆಲ್ಲ ಪ್ಲಾಸ್ಟಿಕ್ಕಿನೊಳಗೆ ಕುಳಿತಿತ್ತು. ಶೇಂಗಾ, ಎಳ್ಳು, ಪುಠಾಣಿ ಎಲ್ಲವೂ ಹಾಗೆಯೇ. ಪೊಟ್ಟಣವನ್ನು ಮೂಗಿಗೆ ಹಿಡಿದು, ಕಿವಿಯ ಹತ್ತಿರ ಅಲುಗಾಡಿಸಿ, ಕೊನೆಗೆ ಬೇಸತ್ತು ಬುಟ್ಟಿಗೆ ಹಾಕಿದಳು. ಬಿಲ್ ಮಾಡುವ ಹುಡುಗಿಯ ಮುಂದೆ ಎಲ್ಲವನ್ನೂ ಹರವಿದ ಮೇಲೆ ಅತ್ತೆ ಕೇಳಿದ ಮಾತಿಗೆ ಆ ಹುಡುಗಿ ಕೈ ನಿಲ್ಲಿಸಿ ಮುಖ ನೋಡಿದಳು.

‘ಯವ್ವಾ, ಇಷ್ಟು ಸಂತಿ ಮಾಡೀವಿ, ಕೊಸರು ಏನು ಕೊಡ್ತಿ?’

ಹುಡುಗಿ ಒಳ್ಳೆಯವಳು. ನಕ್ಕು, ‘ಅಮ್ಮಾರ, ನಮ್ಮಲ್ಲೆ ಕೊಸರು ಇರಂಗಿಲ್ರಿ. ಚೀಲ ಬೇಕೇನ್ರಿ? ಹತ್ತು ರೂಪಾಯಿ ಆಕ್ಕೈತಿ’ ಎಂದಳು. ಕೊಸರು ಕೇಳಿದರೆ ಚೀಲಕ್ಕೂ ದುಡ್ಡು ಕೇಳುವ ಅಂಗಡಿಯನ್ನು ಅತ್ತೆ ಎಪ್ಪತ್ತು ವರ್ಷಗಳಲ್ಲಿ ಕಂಡಿರಲಿಲ್ಲ. ಬುತ್ತಿ ಕಟ್ಟಿಕೊಂಡು ಬಂದಿದ್ದ ಅರಿವೆಯ ಚೀಲ ಝಾಡಿಸಿ ಮುಂದೆ ಹಿಡಿದಳು.

ಬಸ್ಸಿನಲ್ಲಿ ನಾನು ಬಿಲ್ಲನ್ನು ಓದಿ ಹೇಳಿದೆ. ಕೊನೆಯ ಸಾಲಿನಲ್ಲಿ ‘ಈ ದಿನ ನೀವು ಉಳಿಸಿದ ಹಣ 212 ರೂಪಾಯಿ’ ಎಂದಿತ್ತು. ಅತ್ತೆ ಕೈ ಚಾಚಿ, ‘ಎಲ್ಲೈತಿ ಉಳಿಸಿದ ರೊಕ್ಕ? ಕೊಡು ಇತ್ಲಾಗ’ ಎಂದಳು. ನಕ್ಕೆವು. ಅಣ್ಣಿಗೇರಿ ದಾಟಿದ ಮೇಲೆ ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದವಳು ಒಮ್ಮೆಲೆ ತಿರುಗಿ ಇನ್ನೊಂದು ಪ್ರಶ್ನೆ ಹಾಕಿದಳು. ಅದಕ್ಕೆ ಮಾತ್ರ ನನಗೆ ನಗಲಾಗಲಿಲ್ಲ.

‘ಬರಗಾಲ ಬಿದ್ರ ಇವರು ಉದ್ರಿ ಕೊಡ್ತಾರೇನೋ ತಮ್ಮಾ?’

ಈ ವಾರದ ಹರಟೆ ಆ ಪ್ರಶ್ನೆಯ ಸುತ್ತಲೇ ಸುತ್ತುತ್ತದೆ.

ಒಂದೇ ಹೆಸರು, ಹಲವು ಊರು ಎಂಬ ವ್ಯಾಪಾರ ನಮ್ಮ ಸೀಮೆಗೆ ತೀರ ಹೊಸದೇನೂ ಅಲ್ಲ. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ 1095ರ ಶಾಸನವೊಂದಿದೆ. ಅಲ್ಲಿಯ 16 ಮಂದಿ ಸೆಟ್ಟಿಗಳು ಸೇರಿ ಬೌದ್ಧ ವಿಹಾರ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಹದಿನಾರು ಅಂಗಡಿಕಾರರು ಕೂಡಿ ವಿಹಾರ ಕಟ್ಟಬಲ್ಲಷ್ಟು ವ್ಯಾಪಾರ ಆಗ ಡಂಬಳದಲ್ಲಿತ್ತು. ಲಕ್ಕುಂಡಿಯ ಟಂಕಸಾಲೆಯಲ್ಲಿ ಹುಟ್ಟಿದ ‘ಲೊಕ್ಕಿ ಗದ್ಯಾಣ’ ಕೈಯಿಂದ ಕೈಗೆ ನಡೆಯುತ್ತಿತ್ತು. ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘವಂತೂ ದಕ್ಷಿಣ ದೇಶವನ್ನೆಲ್ಲ ವ್ಯಾಪಿಸಿತ್ತು. ಆ ಸಂಘವನ್ನು ಹೆಸರಿಸುವ 1088ರ ತಮಿಳು ಶಾಸನ ಕಡಲಾಚೆ ಸುಮಾತ್ರಾ ದ್ವೀಪದಲ್ಲಿ ಸಿಕ್ಕಿದೆ. ಮಲಪ್ರಭೆಯ ದಂಡೆಯ ಊರಿನ ಹೆಸರು ಹೊತ್ತ ಸಂಘ ಸುಮಾತ್ರಾಕ್ಕೆ ಮುಟ್ಟಬಹುದಾದರೆ, ಮುಂಬಯಿಯ ಅಂಗಡಿ ಹುಬ್ಬಳ್ಳಿಗೆ ಬರುವುದರಲ್ಲಿ ಅಚ್ಚರಿ ಏನಿದೆ?

ನಮ್ಮ ತಲೆಮಾರಿನವರು ಮೊದಲು ಕಂಡ ಸರಪಳಿ ಅಂಗಡಿ ಬಾಟಾ. ಜೂನ್ ತಿಂಗಳಲ್ಲಿ ಶಾಲೆ ಸುರುವಾಗುವಾಗ ಬಾಟಾ ಬೂಟು ಕೊಡಿಸಿದರೆ ಅದೊಂದು ದೊಡ್ಡಸ್ತಿಕೆ. 1931ರಲ್ಲಿ ಕಲ್ಕತ್ತೆಯ ಹತ್ತಿರದ ಕೊನ್ನಗರದಲ್ಲಿ ಈ ದೇಶದ ವ್ಯವಹಾರ ಸುರು ಮಾಡಿದ, ಮೂಲದಲ್ಲಿ ಚೆಕ್ ದೇಶದ ಕಂಪನಿ ಅದು. ಎಷ್ಟೋ ಜನ ಇಂದಿಗೂ ಅದು ನಮ್ಮದೇ ಕಂಪನಿ ಎಂದು ತಿಳಿದಿದ್ದಾರೆ. ಅದು ನಮಗೆ ಕಲಿಸಿದ್ದು ಎರಡು ಪಾಠ. ಒಂದು, ಬೂಟಿನ ಮೇಲೆ ಬರೆದ ದರವೇ ದರ, ಹುಬ್ಬಳ್ಳಿಯಲ್ಲೂ ಅದೇ, ದಿಲ್ಲಿಯಲ್ಲೂ ಅದೇ, ಚೌಕಾಶಿ ನಡೆಯದು. ಇನ್ನೊಂದು, 99 ರೂಪಾಯಿ 95 ಪೈಸೆ ಎಂದು ಬರೆದರೆ ಅದು ನೂರಲ್ಲ ಎಂದು ಮನಸ್ಸು ನಂಬುತ್ತದೆ. ಈ ಎರಡನೆಯ ಪಾಠವನ್ನು ಉಳಿದ ಅಂಗಡಿಗಳೆಲ್ಲ ಕಲಿತುಬಿಟ್ಟವು.

ದಿನಸಿಗೆ ಸರ್ಕಾರವೇ ಇಂಥ ಅಂಗಡಿ ಇಟ್ಟ ಕಾಲವೂ ಇತ್ತು. ರೂಪಾಯಿ ಅಪಮೌಲ್ಯವಾದ 1966ರಲ್ಲಿ ಬೆಲೆ ಹಿಡಿದಿಡಲೆಂದು ದಿಲ್ಲಿಯಲ್ಲಿ ಸೂಪರ್ ಬಜಾರ್ ತೆರೆಯಿತು. ನಮ್ಮ ರಾಜ್ಯದ ಪಟ್ಟಣಗಳಲ್ಲಿ ಜನತಾ ಬಜಾರ್‌ಗಳಿದ್ದವು. ಆಮೇಲೆ ಖಾಸಗಿ ಕಂಪನಿಗಳ ಸರದಿ. 2001ರಲ್ಲಿ ಬಿಗ್ ಬಜಾರ್ ಬಂತು. 2002ರಲ್ಲಿ ಮುಂಬಯಿಯ ಪೊವೈಯಲ್ಲಿ ಡಿಮಾರ್ಟ್, 2006ರಲ್ಲಿ ಹೈದರಾಬಾದಿನಲ್ಲಿ ರಿಲಯನ್ಸ್ ಫ್ರೆಶ್ ಸುರುವಾದವು. ಇವುಗಳಲ್ಲಿ ಮೊದಲು ಬಂದು ಹೆಚ್ಚು ಸದ್ದು ಮಾಡಿದ ಬಿಗ್ ಬಜಾರ್ ಸಾಲದಲ್ಲಿ ಮುಳುಗಿ 2022ರಲ್ಲಿ ಅಂಗಡಿಗಳನ್ನೇ ಕಳೆದುಕೊಂಡಿತು. ಉದ್ರಿಯ ಭಾರಕ್ಕೆ ಓಣಿಯ ಅಂಗಡಿಯಷ್ಟೇ ಅಲ್ಲ, ದೇಶದಷ್ಟು ದೊಡ್ಡ ಅಂಗಡಿಯೂ ಕುಸಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಂಥ ಅಂಗಡಿಗೆ ಅಗ್ಗವಾಗಿ ಮಾರಲು ಹೇಗೆ ಸಾಧ್ಯ? ಗುಟ್ಟು ಅಷ್ಟೇನೂ ಗಹನವಲ್ಲ. ಒಂದು ಲಾರಿ ಸಾಬೂನು ಕೊಳ್ಳುವವನಿಗೆ ಒಂದು ದರ, ಎರಡು ಡಬ್ಬಿ ಕೊಳ್ಳುವವನಿಗೆ ಇನ್ನೊಂದು ದರ. ಡಿಮಾರ್ಟ್‌ನವರು ಮಾಲು ಕೊಟ್ಟವರಿಗೆ ಬೇಗನೆ ಹಣ ಚುಕ್ತಾ ಮಾಡಿ, ಅದಕ್ಕೆ ಬದಲಾಗಿ ದರದಲ್ಲಿ ಸೋಡಿ ಪಡೆಯುತ್ತಾರೆ. ಅಂಗಡಿಗಳಲ್ಲಿ ಹೆಚ್ಚಿನವು ಸ್ವಂತ ಕಟ್ಟಡದಲ್ಲಿ ಇರುವುದರಿಂದ ಬಾಡಿಗೆಯ ಕಾಟ ಕಡಿಮೆ. ಪ್ರತಿ ಪೊಟ್ಟಣದ ಮೇಲೆ ಲಾಭ ಸ್ವಲ್ಪವೇ, ಆದರೆ ಪೊಟ್ಟಣ ನಿಲ್ಲುವುದಿಲ್ಲ, ಇಟ್ಟದ್ದು ಬೇಗ ಖರ್ಚಾಗುತ್ತದೆ. ಅದರ ಜೊತೆಗೆ ಸಾಗಣೆಯ ಬಲ ಬೇಕು. ಅದು ನಮಗೆ ಹೊರಗಿನ ವಿದ್ಯೆಯಲ್ಲ. 1976ರಲ್ಲಿ ವಿಜಯ ಸಂಕೇಶ್ವರರು ಇದೇ ಗದಗಿನಲ್ಲಿ ಒಂದೇ ಒಂದು ಲಾರಿಯಿಂದ ಸುರು ಮಾಡಿದ ಸಾಗಣೆ ಉದ್ಯಮ ದೇಶದ ದೊಡ್ಡ ಸಾಗಣೆ ಕಂಪನಿಗಳಲ್ಲಿ ಒಂದಾಗಿ ಬೆಳೆದದ್ದನ್ನು ನಾವೇ ಕಣ್ಣಾರೆ ಕಂಡಿದ್ದೇವೆ.

ಇನ್ನೊಂದು ಗುಟ್ಟನ್ನು ನಾವು ಗಮನಿಸುವುದಿಲ್ಲ. ಓಣಿಯ ಅಂಗಡಿಯಲ್ಲಿ ನಾವು ಯಾದಿ ಕೊಟ್ಟು ಕಟ್ಟೆಯ ಮೇಲೆ ಕೂಡುತ್ತೇವೆ. ತೂಗುವವನು ಅವನು, ಪುಡಿಕೆ ಕಟ್ಟುವವನು ಅವನು. ಆಳಿನ ಕೈಯಲ್ಲಿ ಮನೆಗೂ ಕಳಿಸುತ್ತಾನೆ. ದೊಡ್ಡ ಅಂಗಡಿಯಲ್ಲಿ ಆರಿಸುವವರು ನಾವು, ಬುಟ್ಟಿ ಹೊರುವವರು ನಾವು, ಸರತಿಯಲ್ಲಿ ನಿಲ್ಲುವವರೂ ನಾವೇ. ಗಿರಾಕಿಯೇ ಆಳಿನ ಕೆಲಸ ಮಾಡುವ ಈ ಪದ್ಧತಿಯನ್ನು 1916ರಲ್ಲಿ ಅಮೆರಿಕದ ಮೆಂಫಿಸ್ ಊರಿನ ‘ಪಿಗ್ಲಿ ವಿಗ್ಲಿ’ ಎಂಬ ಅಂಗಡಿ ರೂಢಿಗೆ ತಂದಿತು. ಇದರಿಂದ ಅಂಗಡಿಗೆ ಎರಡು ಲಾಭ. ಸಂಬಳ ಉಳಿಯುತ್ತದೆ. ಯಾದಿಯಲ್ಲಿ ಇಲ್ಲದ್ದೂ ಬುಟ್ಟಿಗೆ ಬೀಳುತ್ತದೆ. ಅಕ್ಕಿ ಬೇಳೆ ಹಿಂದಿನ ಮೂಲೆಯಲ್ಲಿ, ಚಾಕಲೇಟು ಬಿಲ್ಲಿನ ಮೇಜಿನ ಪಕ್ಕ ಮಗುವಿನ ಕೈಗೆಟುಕುವ ಎತ್ತರದಲ್ಲಿ ಇರುವುದು ಅಕಸ್ಮಾತ್ತಲ್ಲ. 212 ರೂಪಾಯಿ ಉಳಿಸಿದ ನಮ್ಮ ಚೀಲದಲ್ಲಿ ಯಾದಿಗೆ ಹೊರತಾದ ಸಾಮಾನು 300 ರೂಪಾಯಿಯದಿತ್ತು. ಅತ್ತೆ ಕೇಳಿದ ‘ಉಳಿಸಿದ ರೊಕ್ಕ’ ಎಲ್ಲಿ ಹೋಯಿತೆಂದು ಮನೆಗೆ ಬಂದ ಮೇಲೆ ತಿಳಿಯಿತು.

ಮರುದಿನ ಬೆಟಗೇರಿಯ ನಮ್ಮ ಓಣಿಯ ಕಿರಾಣಿ ಅಂಗಡಿಗೆ ಅರ್ಧ ಕಿಲೋ ರವೆ ತರಲು ಹೋದೆ. ಪಂಚಮಿಯ ಯಾದಿಯಲ್ಲಿ ಮರೆತದ್ದು ಅದೊಂದೇ. ಅಂಗಡಿಯ ಶೆಟ್ಟರು ನಮ್ಮ ತಂದೆಯ ಕಾಲದವರು. ಗಲ್ಲೆಯ ಮೇಲೆ ಹಳೆಯ ಪಾಟಿ ಒಂದು ತೂಗುತ್ತದೆ. ‘ಇಂದು ನಗದು, ನಾಳೆ ಉದ್ರಿ’. ಆ ನಾಳೆ ಎಂದೂ ಬರುವುದಿಲ್ಲ ಎಂಬುದು ಪಾಟಿಯ ಚಮತ್ಕಾರ. ಆದರೆ ಪಾಟಿಯ ಕೆಳಗೇ ಉದ್ರಿ ಪುಸ್ತಕ ದಪ್ಪಗಾಗುತ್ತ ಹೋಗುತ್ತದೆ ಎಂಬುದು ಓಣಿಗೆಲ್ಲ ಗೊತ್ತು. ಬೆಟಗೇರಿ ನೇಕಾರರ ಊರು. ಮಗ್ಗದ ಕೂಲಿ ವಾರಕ್ಕೊಮ್ಮೆ ಕೈಗೆ ಬರುವುದು, ಹೊಟ್ಟೆ ಮಾತ್ರ ದಿನಾಲೂ ಹಸಿಯುವುದು. ಎರಡರ ನಡುವಿನ ಆರು ದಿನವನ್ನು ಹಿಡಿದು ನಿಲ್ಲಿಸಿದ್ದು ಆ ಪುಸ್ತಕ.

‘ಪಂಚಮಿಗೆ ಬರೇ ಅರ್ಧ ಕಿಲೋ ರವಾನೇನು?’ ಎಂದು ಶೆಟ್ಟರು ತಕ್ಕಡಿ ಹಿಡಿದರು. ನಾನು ತಲೆ ಕೆಳಗೆ ಹಾಕಿದೆ. ಅವರಿಗೆ ಹೇಳಬೇಕಾದ್ದೇನೂ ಇರಲಿಲ್ಲ.

‘ಹುಬ್ಬಳ್ಳಿಗೆ ಹೋಗಿದ್ರಿ. ತಪ್ಪೇನೈತಿ ತಮ್ಮಾ? ಎಣ್ಣಿ ಪಾಕೀಟು ನಾನೂ ಒಂದೊಂದ್ಸಲ ಅಲ್ಲೇ ತರ್ತೀನಿ. ಏಜೆಂಟ ಕೊಡೋ ದರಕ್ಕಿಂತ ಅಲ್ಲಿ ಮಾರೋ ದರಾನ ಕಡಿಮಿ ಇರತೈತಿ. ನನ್ನ ದುಃಖ ಅದಲ್ಲ.’

‘ಮತ್ತೇನ್ರಿ ಶೆಟ್ರ?’

‘ನಗದಾ ಅಲ್ಲಿ, ಉದ್ರಿ ಇಲ್ಲಿ. ಒಂದನೇ ತಾರೀಖಿಗೆ ಪಗಾರ ಬಂದಾಗ ಎಲ್ಲಾರೂ ಆ ಕಡೆ. ಇಪ್ಪತ್ತನೇ ತಾರೀಖು ದಾಟಿತಂದ್ರ ಈ ಕಡೆ. ಎರಡೂ ನನ್ನ ಕಡೆನ ಇದ್ವಂದ್ರ ನಡೀತದ. ಬರೇ ಉದ್ರಿ ಮ್ಯಾಲೆ ಅಂಗಡಿ ಹೆಂಗ ನಡಸ್ಲಿ? ನಾನೂ ಗ್ರೇನ್ ಮಾರ್ಕೆಟ್ಟಿನ್ಯಾಗ ಉದ್ರಿ ತಂದಾಂವನ ಅಲ್ಲೇನು?’

ಶೆಟ್ಟರು ಕಟುವಾಗಿ ಹೇಳಲಿಲ್ಲ. ರವೆ ತೂಗಿ, ತಕ್ಕಡಿ ಸಮನಾದ ಮೇಲೆ ಒಂದು ಚಿಟಿಕೆ ಹೆಚ್ಚಿಗೆ ಹಾಕಿದರು. ಅದೇ ಅತ್ತೆ ಹುಬ್ಬಳ್ಳಿಯಲ್ಲಿ ಕೇಳಿ ಸಿಗದೆ ಬಂದ ಕೊಸರು.

ಇಲ್ಲಿಗೆ ನಿಲ್ಲಿಸಿದರೆ ಈ ಬರಹ ಓಣಿಯ ಅಂಗಡಿಗೆ ಮಂಗಳಾರತಿ ಎತ್ತಿದಂತಾಗುತ್ತದೆ. ಉದ್ರಿಯ ಇನ್ನೊಂದು ಮುಖವನ್ನೂ ನೋಡಬೇಕು. ಅತ್ತೆಯ ಹಳ್ಳಿಯಲ್ಲಿ 2023ರ ಮುಂಗಾರು ಕೈಕೊಟ್ಟಿತು. ಹೆಸರು ಹೊಲದಲ್ಲೇ ಒಣಗಿತು. ಹಿಂಗಾರಿಯೂ ಹಾಗೇ. ಆ ವರ್ಷ ಮುಂಡರಗಿಯ ಒಬ್ಬ ಅಂಗಡಿಕಾರರು ಒಂಬತ್ತು ತಿಂಗಳು ಜೋಳ, ಎಣ್ಣೆ, ಚಹಾಪುಡಿ, ಸಕ್ಕರೆ ಎಲ್ಲವನ್ನೂ ಉದ್ರಿ ಕೊಟ್ಟರು. ಒಮ್ಮೆಯೂ ಮುಖ ಗಂಟು ಹಾಕಲಿಲ್ಲವಂತೆ. 2024ರಲ್ಲಿ ಹೆಸರು ಬಂದ ಮೇಲೆ ಅತ್ತೆಯ ಮನೆಯವರು ಕೇಳಿದಷ್ಟು ಕೊಟ್ಟು ಬಾಕಿ ಹರಿದರು. ‘ಅಂವ ದೇವರಂಥಾ ಮನಷ್ಯಾ’ ಎಂದು ಅತ್ತೆ ಇಂದಿಗೂ ಹೇಳುತ್ತಾಳೆ. ನಾನು ಕೇಳಿದೆ: ‘ಅತ್ತಿ, ನಗದಿಗೆ ಕೊಳ್ಳೋರ್ಗೆ ಒಂದು ದರ, ಉದ್ರಿಗೆ ಒಂದು ದರ ಹಾಕಿರ್ತಾನ. ಎಷ್ಟು ಹೆಚ್ಚಿಗೆ ಹಾಕಿದ್ದ?’

ಅತ್ತೆ ಬಹಳ ಹೊತ್ತು ಸುಮ್ಮನಿದ್ದಳು. ‘ಕೇಳಿದ್ರ ಅಂವ ಹೇಳ್ತಿದ್ದ ತಮ್ಮಾ. ನಮಗ ಕೇಳಾಕ ಬಾಯಿ ಬರ್ಲಿಲ್ಲ.’

ಈ ಮಾತು ನನ್ನನ್ನು ಬಿಟ್ಟಿಲ್ಲ. ಕಷ್ಟಕಾಲದಲ್ಲಿ ಅನ್ನ ಕೊಟ್ಟವನ ಹತ್ತಿರ ಲೆಕ್ಕ ಕೇಳುವುದು ಹೇಗೆ? ಲೆಕ್ಕ ಕೇಳದವನಿಗೆ ಬಡ್ಡಿ ಎಷ್ಟೆಂದು ತಿಳಿಯುವುದು ಹೇಗೆ? ಬಾಕಿ ಇರುವ ತನಕ ಬೇರೆ ಅಂಗಡಿಯ ಮೆಟ್ಟಿಲು ಹತ್ತುವ ಹಾಗಿಲ್ಲ. ಮಾಲು ಚೆನ್ನಾಗಿಲ್ಲ ಎನ್ನುವ ಹಾಗಿಲ್ಲ. ಕೆಲವು ಕಡೆ ಬೆಳೆದ ಕಾಳನ್ನೂ ಅವನಿಗೇ, ಅವನು ಹೇಳಿದ ದರಕ್ಕೇ ಅಳೆಯಬೇಕು. ಉದ್ರಿ ಎಂಬುದು ದೊಡ್ಡ ಸೇವೆ, ಸುಳ್ಳಲ್ಲ. ಆದರೆ ಅದರ ಬೆಲೆಯ ಚೀಟಿ ಯಾವ ಪೊಟ್ಟಣದ ಮೇಲೂ ಅಂಟಿಸಿರುವುದಿಲ್ಲ.

ಈ ತೊಡಕನ್ನು ಬಿಡಿಸಲು ಹೊರಟವರು ನಮ್ಮ ನೆರೆಯಲ್ಲೇ ಇದ್ದರು ಎಂಬುದನ್ನು ನಾವು ಆಗಾಗ ನೆನೆಯಬೇಕು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಅದರ ಹಿಂದಿನ ವರ್ಷವಷ್ಟೇ, 1904ರಲ್ಲಿ, ಬ್ರಿಟಿಷ್ ಸರ್ಕಾರ ಪತ್ತಿನ ಸಹಕಾರ ಸಂಘಗಳ ಕಾಯಿದೆ ಮಾಡಿತ್ತು. ಆ ಕಾಯಿದೆಯಡಿ ದೇಶದಲ್ಲೇ ಮೊದಮೊದಲು ಹುಟ್ಟಿದ ಸಂಘಗಳ ಸಾಲಿನಲ್ಲಿ ಕಣಗಿನಹಾಳದ್ದು ನಿಲ್ಲುತ್ತದೆ. ಸಾಹುಕಾರನ ಸಾಲದಿಂದ ಒಕ್ಕಲಿಗನನ್ನು ಬಿಡಿಸುವುದು ಅದರ ಉದ್ದೇಶ. ಅಲ್ಲಿ ಸಾಲದ ಬಡ್ಡಿ ಎಷ್ಟೆಂದು ಬರೆದಿರುತ್ತಿತ್ತು. ಸಾಲ ತೆಗೆದುಕೊಂಡವನೇ ಸಂಘದ ಸದಸ್ಯ, ಸಭೆಯಲ್ಲಿ ಎದ್ದು ನಿಂತು ಕೇಳಬಹುದಾದವನು. ಅತ್ತೆಗೆ ಬಾರದೆ ಹೋದ ‘ಕೇಳುವ ಬಾಯಿ’ಯನ್ನು ಆ ಸಂಘ ರೈತರಿಗೆ ಕೊಟ್ಟಿತು. ಕಣಗಿನಹಾಳದ ದೊಡ್ಡಸ್ತಿಕೆ ಇರುವುದು ಅದರಲ್ಲಿ ಎಂದು ನನಗೆ ತೋರುತ್ತದೆ.

ಅದಕ್ಕೂ ಅರವತ್ತು ವರ್ಷ ಮೊದಲು, 1844ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 28 ಜನ ಕೂಡಿ ತಮ್ಮದೇ ಒಂದು ಅಂಗಡಿ ತೆರೆದರು. ಅವರಲ್ಲಿ ಹಲವರು ನೇಕಾರರು, ನಮ್ಮ ಬೆಟಗೇರಿಯವರ ಹಾಗೆ. ಅಂಗಡಿಯಲ್ಲಿ ಮೊದಲು ಇದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು ಮತ್ತು ಮೇಣದ ಬತ್ತಿ, ಇಷ್ಟೇ. ನಿಯಮಗಳು ಮಾತ್ರ ಗಟ್ಟಿ. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ, ಉದ್ರಿಯೂ ಇಲ್ಲ. ಬಂದ ಲಾಭವನ್ನು ಕೊಂಡವರಿಗೇ, ಕೊಂಡಷ್ಟಕ್ಕೆ ತಕ್ಕಂತೆ ಹಂಚುವುದು. ರಾಚ್‌ಡೇಲಿನ ನೇಕಾರರು ಮಾಲನ್ನೂ ಸಾಲವನ್ನೂ ಬೇರೆ ಮಾಡಿದರು. ಕಣಗಿನಹಾಳದ ರೈತರೂ ಇನ್ನೊಂದು ತುದಿಯಿಂದ ಅದನ್ನೇ ಮಾಡಿದರು. ಮಾಲಿನ ದರ ಬೇರೆ, ಸಾಲದ ದರ ಬೇರೆ, ಎರಡೂ ಕಣ್ಣಿಗೆ ಕಾಣಬೇಕು.

ದೊಡ್ಡ ಸರಪಳಿ ಅಂಗಡಿಯೂ ಒಂದು ರೀತಿಯಲ್ಲಿ ಅದನ್ನೇ ಮಾಡಿದೆ ಎನ್ನಬಹುದು. ದರ ಬರೆದಿದೆ, ತೂಕ ಬರೆದಿದೆ, ಬಿಲ್ಲು ಕೈಗೆ ಬರುತ್ತದೆ. ಉದ್ರಿ ಇಲ್ಲ. ಆದರೆ ಅಲ್ಲಿ ಇನ್ನೊಂದು ಕೊರತೆ. ಓಣಿಯಲ್ಲಿ ಕೇಳಲು ಮನುಷ್ಯ ಇದ್ದಾನೆ, ನಮಗೆ ಬಾಯಿಲ್ಲ. ಅಲ್ಲಿ ಬಾಯಿ ಇದ್ದರೂ ಕೇಳಲು ಮನುಷ್ಯನಿಲ್ಲ. ಬಿಲ್ ಮಾಡುವ ಹುಡುಗಿಗೆ ದರ ಇಡುವ ಅಧಿಕಾರವಿಲ್ಲ. ದರ ಇಟ್ಟವನು ಎಲ್ಲೋ ಮುಂಬಯಿಯಲ್ಲಿದ್ದಾನೆ. ಈ ಕೊರತೆಗೆ ಕಾನೂನು ಸ್ವಲ್ಪ ಮದ್ದು ಇಟ್ಟಿದೆ. ಲಕ್ಷ್ಮೇಶ್ವರ, ಶಿರಹಟ್ಟಿಗಳಿಂದ ಹಬ್ಬದ ಸಂತೆಗೆ ಹುಬ್ಬಳ್ಳಿಗೆ ಹೋಗುವವರು ಅದನ್ನು ತಿಳಿದಿದ್ದರೆ ಒಳ್ಳೆಯದು.

ಮೊದಲನೆಯದು ಚೀಲ. 2019ರಲ್ಲಿ ಚಂಡೀಗಡದ ಗ್ರಾಹಕ ವೇದಿಕೆ, ಕಾಗದದ ಚೀಲಕ್ಕೆ 3 ರೂಪಾಯಿ ವಸೂಲು ಮಾಡಿದ್ದಕ್ಕೆ ಬಾಟಾ ಕಂಪನಿಗೆ 9 ಸಾವಿರ ರೂಪಾಯಿ ತೆರುವಂತೆ ಹೇಳಿತು. ಅದರಲ್ಲಿ 5 ಸಾವಿರ ಗ್ರಾಹಕರ ಕಾನೂನು ನೆರವಿನ ನಿಧಿಗೆ ಹೋಗಬೇಕಿತ್ತು. 2020ರ ಡಿಸೆಂಬರಿನಲ್ಲಿ ಬಿಗ್ ಬಜಾರ್ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವೂ ಮಾತು ಸ್ಪಷ್ಟ ಮಾಡಿತು. ಚೀಲಕ್ಕೆ ದುಡ್ಡು ಇದೆ ಎಂದು ಮೊದಲೇ ತಿಳಿಸದೆ, ಸಾಮಾನು ಆರಿಸಿ ಬಿಲ್ಲಿನ ಮೇಜಿಗೆ ಬಂದ ಮೇಲೆ ಹೇಳುವುದು ಅನುಚಿತ ವ್ಯಾಪಾರ ಪದ್ಧತಿ. ಅಂದರೆ ಅತ್ತೆಯ ಸಿಟ್ಟು ಬರೀ ಹಳ್ಳಿಯ ಸಿಟ್ಟಾಗಿರಲಿಲ್ಲ. ದಿಲ್ಲಿಯ ಆಯೋಗದ ಮಾತೂ ಅದೇ ಧಾಟಿಯದು. ಆದರೂ ಮನೆಯಿಂದ ಅರಿವೆಯ ಚೀಲ ಒಯ್ಯುವುದೇ ಜಾಣತನ.

ಎರಡನೆಯದು ಮೊಬೈಲ್ ನಂಬರು. ಬಿಲ್ಲಿಗೆ ಮೊದಲು ನಂಬರು ಕೇಳುವುದು ಅಲ್ಲಿಯ ವಾಡಿಕೆ. ನಂಬರು ಕೊಡದಿದ್ದರೆ ಮಾರುವುದಿಲ್ಲ ಎಂದು ಒತ್ತಾಯ ಮಾಡಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ತಿಳಿಸಿದೆ. ನಂಬರು ಎಂದರೆ ನೀವು ತಿಂಗಳಿಗೆ ಎಷ್ಟು ಸಕ್ಕರೆ, ಎಷ್ಟು ಸಾಬೂನು ಒಯ್ಯುತ್ತೀರಿ ಎಂಬುದರ ಖಾತೆ. ಶೆಟ್ಟರೂ ನಮ್ಮ ಖಾತೆ ಬರೆಯುತ್ತಾರೆ. ಆದರೆ ಆ ಪುಸ್ತಕ ಗಲ್ಲೆಯ ಕೆಳಗಿರುತ್ತದೆ, ತೋರಿಸಿರಿ ಎಂದರೆ ತೆರೆದು ತೋರಿಸುತ್ತಾರೆ.

ಮೂರನೆಯದು ತೂಕ. ಪೊಟ್ಟಣದ ಬೆಲೆ ಅಷ್ಟೇ ಇದ್ದು ಒಳಗಿನ ಮಾಲು 200 ಗ್ರಾಮಿನಿಂದ 180ಕ್ಕೆ ಇಳಿದಿರುತ್ತದೆ. ಕಣ್ಣಿಗೆ ಪೊಟ್ಟಣ ಮೊದಲಿನಷ್ಟೇ ಕಾಣುತ್ತದೆ. ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ, ನಿವ್ವಳ ತೂಕ, ತಯಾರಿಸಿದವರ ವಿಳಾಸ, ದೂರು ಹೇಳುವ ದೂರವಾಣಿ ಇರಬೇಕೆಂದು 2011ರ ನಿಯಮಗಳು ಹೇಳುತ್ತವೆ. ಗ್ರಾಮಿಗೆ ಅಥವಾ ಕಿಲೋಕ್ಕೆ ಎಷ್ಟು ಬೀಳುತ್ತದೆ ಎಂಬ ದರವನ್ನೂ ಬರೆಯಬೇಕೆಂದು 2021ರಲ್ಲಿ ತಿದ್ದುಪಡಿ ಆಯಿತು. ಸಣ್ಣ ಅಕ್ಷರದ ಆ ಒಂದು ಸಾಲು ಓದಿದರೆ ‘ಒಂದು ಕೊಂಡರೆ ಒಂದು ಉಚಿತ’ದ ಅರ್ಧ ಮಾಯೆ ಅಲ್ಲೇ ಕರಗುತ್ತದೆ.

ನಾಲ್ಕನೆಯದು ಬಿಲ್ಲು. ಅದನ್ನು ಅಂಗಡಿಯ ಬಾಗಿಲಲ್ಲೇ ಓದಿರಿ. ನಾನು ಬಸ್ಸಿನಲ್ಲಿ ಓದಿದೆ. ಕಪಾಟಿನ ಚೀಟಿಯಲ್ಲಿ ಒಂದು ದರ, ಬಿಲ್ಲಿನಲ್ಲಿ 18 ರೂಪಾಯಿ ಹೆಚ್ಚು. ಹದಿನೆಂಟು ರೂಪಾಯಿಗೆ ಯಾರು ಮರಳಿ ಹುಬ್ಬಳ್ಳಿಗೆ ಹೋಗುತ್ತಾರೆ? ನಾನೂ ಹೋಗಲಿಲ್ಲ. ಬಿಲ್ಲಿನ ಮೇಲಿದ್ದ ನಂಬರಿಗೆ ಎರಡು ಸಲ ಫೋನು ಮಾಡಿದೆ. ಮುಂದಿನ ತಿಂಗಳು ಹೋದಾಗ ಬಿಲ್ಲು ತೋರಿಸಿದ ಮೇಲೆ ಮರು ಮಾತಿಲ್ಲದೆ ಹಿಂದಿರುಗಿಸಿದರು. ಬಿಲ್ಲು ಚೆಲ್ಲಿದ್ದರೆ ಅದೂ ಇಲ್ಲ.

ಕೊನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಸಾಮಾನು ಎಲ್ಲಿಯೇ ಕೊಂಡಿರಲಿ, ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹುಬ್ಬಳ್ಳಿಯಲ್ಲಿ ಕೊಂಡ ಮಿಕ್ಸರಿಗೆ ಲಕ್ಷ್ಮೇಶ್ವರದವರು ಗದಗಿನ ಜಿಲ್ಲಾ ಆಯೋಗಕ್ಕೆ ಹೋದರೆ ಸಾಕು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. 1915 ಎಂಬ ಸಹಾಯವಾಣಿಯೂ ಇದೆ. ಕೇಳಲು ಮನುಷ್ಯನೇ ಇಲ್ಲದ ಅಂಗಡಿಗೆ ಇದೊಂದು ಕಿಟಕಿ.

ಆದರೆ ಅತ್ತೆಯ ಪ್ರಶ್ನೆ ಹಾಗೇ ಉಳಿಯಿತಲ್ಲ? ಬರಗಾಲ ಬಿದ್ದರೆ ಇವರು ಉದ್ರಿ ಕೊಡುತ್ತಾರೆಯೇ? ಕೊಡುವುದಿಲ್ಲ. ಕ್ರೆಡಿಟ್ ಕಾರ್ಡಿದ್ದವನಿಗೆ ಕಂತು ಸಿಗುತ್ತದೆ. ಪಗಾರವಿದ್ದವನಿಗೆ ಕಾರ್ಡು ಸಿಗುತ್ತದೆ. ಮಳೆ ನಂಬಿದ ಅತ್ತೆಗೆ ಎರಡೂ ಇಲ್ಲ. ಅವಳಿಗೆ ಬೇಕಾದಾಗ ಮುಂಡರಗಿಯ ಆ ಅಂಗಡಿ ಇರಬೇಕು. ಅದು ಇರಬೇಕಾದರೆ ಸುಗ್ಗಿಯ ನಗದು ಸ್ವಲ್ಪವಾದರೂ ಅಲ್ಲಿ ಬೀಳಬೇಕು. ಕಷ್ಟಕ್ಕೆ ಮಾತ್ರ ನೆನಪಾಗುವ ಅಂಗಡಿ ಒಂದು ದಿನ ಕಷ್ಟಕ್ಕೂ ಸಿಗದೆ ಹೋಗುತ್ತದೆ. ಅಂಗಡಿಕಾರರಿಗೂ ಒಂದು ಮಾತು ಹೇಳಬೇಕು. ಉದ್ರಿಗೆ ಹೆಚ್ಚಿಗೆ ಹಾಕುವುದು ತಪ್ಪಲ್ಲ, ನಿಮಗೂ ಬಡ್ಡಿ ಬೀಳುತ್ತದೆ. ಆದರೆ ಎಷ್ಟು ಎಂಬುದನ್ನು ಬರೆದು ಕೊಡಿರಿ. ಬರೆದು ಕೊಟ್ಟ ಲೆಕ್ಕದಿಂದ ಗಿರಾಕಿ ಓಡಿ ಹೋಗುವುದಿಲ್ಲ. ಓಡಿ ಹೋಗುವುದು ಬಚ್ಚಿಟ್ಟ ಲೆಕ್ಕದಿಂದ.

ಈಗ ನಮ್ಮ ಮನೆಯಲ್ಲಿ ಯಾದಿ ಎರಡಾಗಿದೆ. ಸಾಬೂನು, ಪುಡಿ, ಡಬ್ಬಿಯ ಸಾಮಾನು ಹುಬ್ಬಳ್ಳಿಗೆ ಹೋದಾಗ ಬರುತ್ತದೆ. ಜೋಳ, ಬೇಳೆ, ಬೆಲ್ಲ, ಶೇಂಗಾ ಶೆಟ್ಟರಲ್ಲಿ, ಅದೂ ಒಂದನೇ ತಾರೀಖಿಗೆ, ನಗದು ಕೊಟ್ಟು. ಮೊದಲ ತಿಂಗಳು ಹೀಗೆ ರೊಕ್ಕ ಎಣಿಸಿ ಕೊಟ್ಟಾಗ ಶೆಟ್ಟರು ಕನ್ನಡಕದ ಮೇಲಿನಿಂದ ನೋಡಿದರು. ‘ಏನು ತಮ್ಮಾ, ಹುಬ್ಬಳ್ಳಿ ಬಸ್ಸು ತಪ್ಪಿತೇನು?’ ಎಂದರು.

ಅತ್ತೆಗೆ ಕಳೆದ ವಾರ ಫೋನು ಮಾಡಿದಾಗ ಈ ಲೇಖನದ ಸುದ್ದಿ ಹೇಳಿದೆ. ಮುಂಡರಗಿಯ ಅಂಗಡಿಗೆ ಹೋದಾಗ ಉದ್ರಿಯ ದರ ಎಷ್ಟೆಂದು ಕೇಳುತ್ತೀಯಾ ಎಂದೆ.

‘ಈಗ ಬಾಕಿ ಇಲ್ಲಲಾ,’ ಎಂದಳು, ‘ಈಗ ಕೇಳ್ಬಹುದು.’